ಬೆಲ್ಟ್ ‘ಜಗ್ಗಿದೆ’ ಅಂದರೆ ಬಿಗಿಯೋ ಸಡಿಲವೋ? ಬೈಕ್ ಟ್ರೇಲರಿನ ಮಾತುಗಳು

ಪ್ರಶ್ನೆ, ಹುಬ್ಬಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಬೈಕನ್ನು ಟ್ರೇಲರಿಗೆ ಕಟ್ಟಿ, ಕಾರಿನ ಹಿಂದೆ ದೂರ ಒಯ್ಯುವವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇವೆ. ಗ್ಯಾರೇಜಿನ ಗೋಡೆಗೆ ಅಂಟಿಸುವಂಥದು. ಓದುವವರಲ್ಲಿ ಇಲ್ಲಿನ ಹುಡುಗರೂ ಇದ್ದಾರೆ, ಬೆಂಗಳೂರು ಕಡೆಯ ಗಿರಾಕಿಗಳೂ ಇದ್ದಾರೆ. ಮೂರು ಕಡೆ ತೊಡಕಾಗಿದೆ.

ಕರಡಿನಲ್ಲಿ ಒಂದು ವಾಕ್ಯ ಹೀಗಿದೆ: “20 ಕಿಲೋಮೀಟರ್ ಆದ ಮೇಲೆ ನಿಂತು ನೋಡಿ, ಬೆಲ್ಟ್ ಜಗ್ಗಿದ್ದರೆ ಮುಂದೆ ಸಾಗಿ.” ನಮ್ಮ ಕಿವಿಗೆ ಇದು ಸರಿ. ಮೈಸೂರಿನವರೊಬ್ಬರು ಓದಿ, “ಜಗ್ಗಿದ್ದರೆ ಮುಂದೆ ಹೋಗಬಾರದಲ್ಲ?” ಎಂದರು. ಎರಡನೆಯದು, ಟ್ರೇಲರಿನ ಮೂತಿ ಕಾರಿನ ಹುಕ್ಕಿನ ಮೇಲೆ ಹೇರುವ ತೂಕಕ್ಕೆ ಏನನ್ನಬೇಕು? ಮೂರನೆಯದು, ಹುಕ್ಕು ಬಿಚ್ಚದಂತೆ ಹಾಕುವ ಪಿನ್ನಿಗೆ ‘ಕಡೆಗೀಲು’ ಅನ್ನಬಹುದೇ?

ಉತ್ತರ, ಧಾರವಾಡದಿಂದ

ಮೈಸೂರಿನವರು ಹೇಳಿದ್ದು ಸರಿ ಅದ, ನೀವು ಬರೆದಿದ್ದೂ ತಪ್ಪಲ್ಲ. ನಮ್ಮ ಕಡೆ ‘ಜಗ್ಗು’ ಅಂದರೆ ಎಳೆ. ಹಗ್ಗ ಜಗ್ಗತೀವಿ, ತೇರು ಜಗ್ಗತೀವಿ. ತೆಂಕಣದವರಿಗೆ ಅದು ಬಾಗು, ಕುಸಿ, ಮಣಿ: ತೊಲೆ ಜಗ್ಗಿದೆ, ಯಾರ ಮಾತಿಗೂ ಜಗ್ಗಲಿಲ್ಲ. ‘ಹಗ್ಗಜಗ್ಗಾಟ’ದಲ್ಲಿ ಮಾತ್ರ ಎಳೆಯುವ ಅರ್ಥ ಎಲ್ಲ ಕಡೆಯೂ ಉಳಿದಿದೆ. ಕತೆ, ಕವಿತೆಯಲ್ಲಿ ಈ ಎರಡರ್ಥ ಚಂದ. ಬೆಲ್ಟಿನ ವಿಷಯದಲ್ಲಿ ಬೈಕ್ ರಸ್ತೆಗೆ ಬೀಳುತ್ತದೆ.

ಏಕೆಂದರೆ ಇಲ್ಲಿ ಬಿಗಿ, ಸಡಿಲ ಎರಡಕ್ಕೂ ಅಳತೆ ಇದೆ. ಬೈಕಿನ ಮುಂದಿನ ಗಾಲಿಯನ್ನು ಟ್ರೇಲರಿನ ಗಾಲಿತಡೆಗೆ ಒತ್ತಿ ನಿಲ್ಲಿಸಿ, ಎರಡು ಬೆಲ್ಟನ್ನು ಮುಂದಕ್ಕೂ ಹೊರಕ್ಕೂ ಸುಮಾರು 45 ಡಿಗ್ರಿ ಓರೆಯಾಗಿ ಕೆಳಗೆ ಬಿಗಿಯುತ್ತಾರೆ. ಫೋರ್ಕ್, ಅಂದರೆ ಮುಂದಿನ ಗಾಲಿ ಹಿಡಿದಿರುವ ಸ್ಪ್ರಿಂಗಿನ ಕೊಳವೆಜೋಡಿ, ಒಳಗೆ ಹೋಗಬಲ್ಲಷ್ಟರ ಅರ್ಧ ಕೂತರೆ ಸಾಕು. ಅದಕ್ಕಿಂತ ಕಡಿಮೆ ಕೂತಿದ್ದರೆ, ಹಂಪ್ ಬಂದಾಗ ಫೋರ್ಕ್ ಇನ್ನೂ ಒಳಗೆ ಹೋಗಿ ಬೆಲ್ಟ್ ಕ್ಷಣಮಾತ್ರ ಸಡಿಲಾಗುತ್ತದೆ. ಆ ಕ್ಷಣದಲ್ಲೇ ಕೊಕ್ಕೆ ಕಳಚುವುದು. ಪೂರ್ತಿ ಕೂರಿಸಿದರೆ ಪ್ರತಿ ಗುಂಡಿಯ ಏಟೂ ನೇರ ಚಾಸಿಗೆ. ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ. ಎಡಬಲ ಬೆಲ್ಟಿನ ರ್ಯಾಚೆಟ್ಟನ್ನು ಒಂದೊಂದು ಹಲ್ಲಿನಂತೆ ಸರದಿಯಲ್ಲಿ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಬೈಕ್ ಆ ಕಡೆ ವಾಲುತ್ತದೆ. ಹಿಂದಿನ ಎರಡು ಬೆಲ್ಟಿಗೆ ಇಷ್ಟು ಬಲ ಬೇಡ, ಹಿಂಗಾಲಿ ಅಡ್ಡಡ್ಡ ಜಿಗಿಯದಂತೆ ಹಿಡಿದರೆ ಆಯಿತು. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮಾತ್ರ ಬಿಗಿಯಬೇಡಿ, ಸ್ಟ್ಯಾಂಡ್ ಬಾಗುತ್ತದೆ.

ಬೆಲ್ಟಿನ ಕೊಕ್ಕೆಯನ್ನು ಹ್ಯಾಂಡಲ್ಲಿನ ತುದಿಗೆ ಹಾಕುವವರೂ ಇದ್ದಾರೆ. ಹ್ಯಾಂಡಲ್ ತನ್ನ ಹಿಡಿತದಲ್ಲೇ ತಿರುಗಿ ಬೆಲ್ಟ್ ಸಡಿಲಾಗುತ್ತದೆ. ಫೋರ್ಕಿನ ಎರಡೂ ಕೊಳವೆಗಳನ್ನು ಹಿಡಿಯುವ ಕೆಳಗಿನ ಅಡ್ಡಪಟ್ಟಿಯ (‘ಟೀ’) ಸುತ್ತ ಬಟ್ಟೆಯ ಕುಣಿಕೆ ಹಾಕಿ, ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಬೇಕು. ‘ಕುಣಿಕೆ’ ಒಳ್ಳೆಯ ಪದ, ಹೊಸದನ್ನು ಕಟ್ಟುವ ಅಗತ್ಯವೇ ಇಲ್ಲ. ಬೆಲ್ಟಿನ ಚೀಟಿಯ ಮೇಲೆ ಎರಡು ಅಂಕಿ ಇರುತ್ತವೆ. ಅವನ್ನು ‘ತಾಳುವ ಭಾರ’, ‘ಹರಿಯುವ ಭಾರ’ ಎಂದು ಬೇರೆಬೇರೆ ಬರೆಯಿರಿ. ಮೊದಲನೆಯದು ಸಾಮಾನ್ಯವಾಗಿ ಎರಡನೆಯದರ ಮೂರನೇ ಒಂದು ಪಾಲು. ಅಂಗಡಿಯವರು ದೊಡ್ಡ ಅಂಕಿಯನ್ನೇ ಹೇಳುತ್ತಾರೆ, ಅದು ಅವರ ಧರ್ಮ.

ವಾಕ್ಯ ಹೀಗಿರಲಿ: “ಬೆಲ್ಟನ್ನು ಅಂಗೈಯಿಂದ ಒತ್ತಿ ನೋಡಿ. ಸಡಿಲಾಗಿದ್ದರೆ ಬಿಗಿ ಮಾಡಿ, ಆಮೇಲೆ ಹೊರಡಿ.” ‘ಜಗ್ಗು’ ಬೇಡವೇ ಬೇಡ.

ಉತ್ತರ, ಗದಗದಿಂದ

ಎರಡನೆಯದಕ್ಕೆ ಚಕ್ಕಡಿ ಹೂಡುವವರ ಮಾತೇ ಇದೆ: ಮುಂಭಾರ, ಹಿಂಭಾರ. ಹೇರು ಮುಂದಾದರೆ ಎತ್ತಿನ ಹೆಗಲಿಗೆ ಭಾರ, ಹಿಂದಾದರೆ ನೊಗವೇ ಮೇಲೇಳುತ್ತದೆ. ಟ್ರೇಲರಿನಲ್ಲೂ ಇದೇ ಲೆಕ್ಕ. ಒಟ್ಟು ತೂಕದ 10ರಿಂದ 15 ಶೇಕಡಾ ಮುಂಭಾರ ಇರಬೇಕೆಂಬುದು ಅಮೆರಿಕದ ರೂಢಿ, ಯುರೋಪಿನವರು ಇದಕ್ಕಿಂತ ಕಡಿಮೆ ಇಡುತ್ತಾರೆ. ಖಾಲಿ ಟ್ರೇಲರ್ 205 ಕಿಲೊ, ಮೇಲೆ 195 ಕಿಲೊದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ಅಂದರೆ ಒಟ್ಟು 400. ಮುಂಭಾರ 40ರಿಂದ 60 ಕಿಲೊ. ಆದರೆ ಕಾರಿನ ಹುಕ್ಕು ಇಷ್ಟೇ ತಾಳುತ್ತದೆ ಎಂದು ಅದರ ಪುಸ್ತಕದಲ್ಲಿದ್ದರೆ ಆ ಅಂಕಿಯನ್ನು ಮೀರಬಾರದು.

ಅಳೆಯಲು ಮನೆಯ ತೂಕದ ಯಂತ್ರ ಸಾಕು. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಹಚ್ಚಿ. ಯಂತ್ರದ ಮೇಲೆ ಹುಕ್ಕಿನ ಎತ್ತರಕ್ಕೆ ಮರದ ತುಂಡು ಜೋಡಿಸಿ, ಮೂತಿಯನ್ನು ಅದರ ಮೇಲೆ ಕೂರಿಸಿ. ಹುಕ್ಕಿನಿಂದ ಅಚ್ಚಿಗೆ ಎರಡೂವರೆ ಮೀಟರ್ ಇದ್ದರೆ, ಈ ಬೈಕನ್ನು 10 ಸೆಂಟಿಮೀಟರ್ ಮುಂದೆ ಸರಿಸಿದಾಗ ಮುಂಭಾರ ಸುಮಾರು 8 ಕಿಲೊ ಏರುತ್ತದೆ. ಅಂದರೆ ಗಾಲಿತಡೆಯನ್ನು ಎಲ್ಲಿ ಬೋಲ್ಟ್ ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹಿಂಭಾರವಾದರೆ ಕಾರಿನ ಹಿಂದಿನ ಟಾಯರುಗಳ ಹಿಡಿತ ತಗ್ಗಿ, ವೇಗ ಏರಿದಂತೆ ಟ್ರೇಲರ್ ಎಡಬಲ ಹೊಯ್ದಾಡತೊಡಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಇದಕ್ಕೆ ‘ಹೊಯ್ದಾಟ’ ಎಂದೇ ಬರೆಯಿರಿ. ‘ಓಲಾಟ’ ತೊಟ್ಟಿಲಿಗಾಯಿತು. ಹೊಯ್ದಾಟ ಶುರುವಾದಾಗ ಸ್ಟೇರಿಂಗ್ ನೇರ ಹಿಡಿದು ಎಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಕಾರಿನ ಬ್ರೇಕನ್ನು ಜೋರಾಗಿ ಒತ್ತಿದರೆ ಟ್ರೇಲರ್ ಅಡ್ಡ ತಿರುಗಿ ಬರುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರು ಮೊದಲೇ ಕೆಳಗಿನ ಗೇರಿಗೆ ಬರುವುದು ಒಳ್ಳೆಯದು.

‘ಕಡೆಗೀಲು’ ಬೇಡ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕೀಲು ಅದು. ಹುಕ್ಕಿಗೆ ‘ಪಿನ್’ ಅನ್ನಿ, ಟ್ರ್ಯಾಕ್ಟರಿನವರು ಹಾಗೇ ಅನ್ನುತ್ತಾರೆ. ಪಿನ್ ಹಾರಿದರೂ ಮೂತಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಗಿ ದಾಟಿಸಿ ಹಾಕಬೇಕೆಂಬ ಸಾಲನ್ನೂ ಸೇರಿಸಿ.

ಉತ್ತರ, ಹಾವೇರಿಯಿಂದ

ಎಲ್ಲರೂ ಬಿಟ್ಟ ಪದ ‘ಗಾಡಿ’. ನಮ್ಮಲ್ಲಿ ಬೈಕೂ ಗಾಡಿ, ಕಾರೂ ಗಾಡಿ, ಟ್ರೇಲರೂ ಗಾಡಿ. “ಗಾಡಿ ಲೈಟ್ ಹತ್ತೋದು ನೋಡಿ” ಅಂದರೆ ಯಾವುದರದು? ನೋಡಬೇಕಾದದ್ದು ಟ್ರೇಲರಿನ ಬ್ರೇಕ್ ಲೈಟ್, ಇಂಡಿಕೇಟರ್. ಮೂರಕ್ಕೂ ಮೂರು ಹೆಸರು ಇಡಿ. ‘ಟೇಲರ್’ ಎಂದು ಆಡುಮಾತಿನಂತೆ ಬರೆದರೆ ಬೆಂಗಳೂರಿನವರು ಅಂಗಿ ಅಳತೆ ಕೊಡಲು ಬಂದಾರು.

ಟ್ರೇಲರಿನ ಗಾಲಿಯ ನಟ್ಟುಗಳನ್ನು ಮೊದಲ 80 ಕಿಲೋಮೀಟರಿನೊಳಗೆ ಇನ್ನೊಮ್ಮೆ ಪಾನಾ ಹಾಕಿ ಬಿಗಿಯಬೇಕು. ಹುಬ್ಬಳ್ಳಿ ಬಿಟ್ಟು ದಾವಣಗೆರೆ ಕಡೆ ಬರುವವರಿಗೆ ಅದು ಹೆಚ್ಚುಕಡಿಮೆ ನಮ್ಮೂರು. ‘ಪಾನಾ’ದ ಪಕ್ಕ ‘ಸ್ಪ್ಯಾನರ್’ ಎಂದೂ ಬರೆಯಿರಿ, ತುಮಕೂರು ದಾಟಿದರೆ ತಿಳಿಯುವುದಿಲ್ಲ.

ಬಿಗಿದ ಮೇಲೆ ಉಳಿಯುವ ಬೆಲ್ಟಿನ ತುದಿಗೆ ನಾವು ‘ಬಾಲ’ ಅಂತೀವಿ. ಅದನ್ನು ಸುತ್ತಿ ಕಟ್ಟದಿದ್ದರೆ ಗಾಳಿಗೆ ಬಡಿದು ಅಂಚು ಸವೆಯುತ್ತದೆ, ಇಲ್ಲವೇ ಟ್ರೇಲರಿನ ಗಾಲಿಗೆ ಸಿಗುತ್ತದೆ. ಬಾಲಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯೇ?