ಜೂಡಾಸ್ ಪ್ರೀಸ್ಟ್: 1976ರಲ್ಲೇ ಅಂಥ ಆಲ್ಬಮ್ ಮಾಡಿದವರು 1980ರವರೆಗೆ ಕಾಯಬೇಕಾದದ್ದೇಕೆ?

ತುಂಗಾತೀರ (ಪ್ರಶ್ನೆ)

ಇಂಗ್ಲೆಂಡಿನ ಹೆವಿ ಮೆಟಲ್ (ಅಬ್ಬರದ ರಾಕ್) ತಂಡ ಜೂಡಾಸ್ ಪ್ರೀಸ್ಟ್‌ನ ಮೊದಲ ಆರು ಸ್ಟುಡಿಯೋ ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕೇಳುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಈ ತಂಡವನ್ನು ಗುರುತಿಸುವುದು 1980ರ ‘ಬ್ರಿಟಿಷ್ ಸ್ಟೀಲ್’ ಇಲ್ಲವೇ 1990ರ ‘ಪೇನ್‌ಕಿಲ್ಲರ್’ ಮೂಲಕ. ನಾನೂ ಹಾಗೆಯೇ ಬಂದವನು. ಆದ್ದರಿಂದ 1974ರ ‘ರಾಕಾ ರೋಲಾ’ ಕೇಳಿದಾಗ ಇದು ಅದೇ ತಂಡವೇ ಎಂಬ ಅನುಮಾನ ಮೂಡಿತು. ಧ್ವನಿ ಮಂಕಾಗಿದೆ, ಹಾಡುಗಳು ಬ್ಲೂಸ್ ಮತ್ತು ಹಿಪ್ಪಿ ಕಾಲದ ರಾಕ್ ನಡುವೆ ಎಲ್ಲೋ ನಿಂತಿವೆ. ಅದಾಗಿ ಒಂದೂವರೆ ವರ್ಷಕ್ಕೆ, 1976ರ ಮಾರ್ಚ್‌ನಲ್ಲಿ, ‘ಸ್ಯಾಡ್ ವಿಂಗ್ಸ್ ಆಫ್ ಡೆಸ್ಟಿನಿ’ ಬರುತ್ತದೆ. ಎರಡು ಗಿಟಾರ್‌ಗಳು ಜೊತೆಜೊತೆಯಾಗಿ ಸಾಗುವ ರೀತಿ, ಗಾಯಕ ರಾಬ್ ಹಾಲ್ಫರ್ಡ್ ಅವರ ಕಂಠ ತಾರಸ್ಥಾಯಿಗೆ ಏರುವ ರೀತಿ, ಹಾಡೊಂದು ಏಳು ನಿಮಿಷ ದಾಟಿದರೂ ಸಡಿಲವಾಗದಿರುವುದು, ಹೀಗೆ ಮುಂದೆ ಹೆವಿ ಮೆಟಲ್ ಎಂದು ನಾವು ಕರೆಯುವುದರ ಬಹುಭಾಗ ಅದರಲ್ಲಿ ಆಗಲೇ ಇದೆ.

ನನ್ನ ಪ್ರಶ್ನೆ ಇಷ್ಟು. ಇಂಥ ಆಲ್ಬಮ್ ಮಾಡಿದ ತಂಡ ಅದನ್ನು ಬಿಡುಗಡೆ ಮಾಡಿದ ಕಂಪನಿಯನ್ನು ಮರುವರ್ಷವೇ ತೊರೆದದ್ದು ಯಾಕೆ? ದೊಡ್ಡ ಹೆಸರು ಬರಲು ಮತ್ತೆ ನಾಲ್ಕು ವರ್ಷ ಹಿಡಿದದ್ದು ಯಾಕೆ? 1980ರಲ್ಲಿ ಯಶಸ್ಸು ತಂದ ಸರಳ, ಚಿಕ್ಕ ಹಾಡುಗಳಿಗಾಗಿ ಅವರು 1976ರ ಸಂಕೀರ್ಣತೆಯನ್ನು ಬಿಟ್ಟುಕೊಟ್ಟರೆಂದು ಹೇಳುವುದು ನ್ಯಾಯವೇ?

ಹಳೆಯ ಕ್ಯಾಸೆಟ್

ಇದಕ್ಕೆ ಉತ್ತರ ಕೊಡಲು 1974ಕ್ಕಿಂತ ಹಿಂದಕ್ಕೆ ಹೋಗಬೇಕು. ‘ರಾಕಾ ರೋಲಾ’ ಹೊಸ ತಂಡದ ಚೊಚ್ಚಲ ಪ್ರಯತ್ನ ಎಂದು ಭಾವಿಸಿದರೆ ಅದರ ಗೊಂದಲ ಅರ್ಥವಾಗುವುದಿಲ್ಲ. 1969ರಲ್ಲಿ ವೆಸ್ಟ್ ಬ್ರಾಮಿಚ್‌ನಲ್ಲಿ ಈ ಹೆಸರಿನ ತಂಡವನ್ನು ಕಟ್ಟಿದವರಲ್ಲಿ ಗಾಯಕ ಆಲ್ ಆಟ್ಕಿನ್ಸ್ ಒಬ್ಬರು. ಬಾಬ್ ಡಿಲನ್ ಅವರ ಒಂದು ಹಾಡಿನಿಂದ ಬಂದ ಆ ಹೆಸರಿನ ತಂಡ ಮರುವರ್ಷವೇ ಒಡೆಯಿತು. ಅದೇ ಹೊತ್ತಿಗೆ ಗಿಟಾರ್ ವಾದಕ ಕೆ. ಕೆ. ಡೌನಿಂಗ್ ಮತ್ತು ಬೇಸ್ ವಾದಕ ಇಯಾನ್ ಹಿಲ್ ಅಭ್ಯಾಸ ಮಾಡುತ್ತಿದ್ದ ಇನ್ನೊಂದು ತಂಡವನ್ನು ಆಟ್ಕಿನ್ಸ್ ಸೇರಿಕೊಂಡರು, ಹೆಸರೂ ಅವರೊಂದಿಗೆ ಹೋಯಿತು. ಮುಂದಿನ ಎರಡು ಮೂರು ವರ್ಷ ಇವರು ಇಂಗ್ಲೆಂಡಿನ ಸಣ್ಣ ಸಭಾಂಗಣಗಳಲ್ಲಿ, ಕ್ಲಬ್ಬುಗಳಲ್ಲಿ ನುಡಿಸಿಕೊಂಡು ತಿರುಗಿದರು. ಆ ಸಂಪಾದನೆಯಲ್ಲಿ ಸಂಸಾರ ಸಾಗುವಂತಿರಲಿಲ್ಲ. 1973ರಲ್ಲಿ ಆಟ್ಕಿನ್ಸ್ ತಂಡ ಬಿಟ್ಟು ಬೇರೆ ದುಡಿಮೆಗೆ ಮರಳಿದ್ದಕ್ಕೆ ಇದೇ ಕಾರಣ. ಆ ಹೊತ್ತಿನಲ್ಲಿ ಇಯಾನ್ ಹಿಲ್ ಅವರಿಗೆ ಹಾಲ್ಫರ್ಡ್ ಅವರ ಸೋದರಿಯ ಸ್ನೇಹವಿತ್ತು, ಹಾಲ್ಫರ್ಡ್ ತಂಡಕ್ಕೆ ಬಂದದ್ದು ಆ ಪರಿಚಯದ ದಾರಿಯಲ್ಲಿ. ತಾನು ಕಟ್ಟಿದ ಹೆಸರು ಜಗತ್ತಿಗೆ ತಿಳಿಯುವ ಮೊದಲೇ ಹೊರನಡೆದ ಆಟ್ಕಿನ್ಸ್ ಅವರನ್ನು ನೆನೆಯದೆ ಈ ಚರಿತ್ರೆ ಹೇಳುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ‘ಸ್ಯಾಡ್ ವಿಂಗ್ಸ್’ ಆಲ್ಬಮ್ಮಿನ ‘ವಿಕ್ಟಿಮ್ ಆಫ್ ಚೇಂಜಸ್’ ಹಾಡಿನ ಅರ್ಧ ಭಾಗ ಅವರ ಕಾಲದ ‘ವಿಸ್ಕಿ ವುಮನ್’ ಎಂಬ ಹಾಡು, ಉಳಿದರ್ಧ ಹಾಲ್ಫರ್ಡ್ ತಮ್ಮ ಹಿಂದಿನ ತಂಡದಿಂದ ತಂದದ್ದು.

1974ರಲ್ಲಿ ಗಲ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿ ಇವರೊಂದಿಗೆ ಒಪ್ಪಂದ ಮಾಡಿಕೊಂಡಿತು. ತಂಡಕ್ಕೆ ಇನ್ನೊಬ್ಬ ವಾದಕ ಬೇಕು ಎಂದು ಸಲಹೆ ಕೊಟ್ಟದ್ದೂ ಆ ಕಂಪನಿಯೇ. ಕೀಬೋರ್ಡ್ ಅಥವಾ ಕಹಳೆಯಂಥ ವಾದ್ಯ ಡೌನಿಂಗ್ ಅವರಿಗೆ ಬೇಡವಾಗಿತ್ತು, ಆದ್ದರಿಂದ ಎರಡನೆಯ ಗಿಟಾರ್‌ಗೆ ಗ್ಲೆನ್ ಟಿಪ್ಟನ್ ಬಂದರು. ಜೂಡಾಸ್ ಪ್ರೀಸ್ಟ್ ಎಂದರೆ ಜೋಡಿ ಗಿಟಾರ್ ಎನ್ನುವಂತಾದದ್ದು ಆ ಒಂದು ನಿರ್ಧಾರದಿಂದ. ಆದರೆ ಟಿಪ್ಟನ್ ಸೇರಿದ್ದು ಧ್ವನಿಮುದ್ರಣ ಇನ್ನೇನು ಶುರುವಾಗಲಿದೆ ಎನ್ನುವಾಗ. ‘ರಾಕಾ ರೋಲಾ’ದ ಬಹುತೇಕ ಹಾಡುಗಳು ಒಂದೇ ಗಿಟಾರ್‌ಗಾಗಿ ಹುಟ್ಟಿದಂತೆ ಕೇಳಿಸುವುದು ಅದಕ್ಕೇ.

ನಿರ್ಮಾಪಕರಾಗಿ ಬಂದವರು ಬ್ಲ್ಯಾಕ್ ಸಬ್ಬಾತ್ ಎಂಬ ಹೆವಿ ಮೆಟಲ್ ತಂಡದ ಮೊದಲ ಮೂರು ಆಲ್ಬಮ್‌ಗಳನ್ನು ಮಾಡಿದ ರಾಜರ್ ಬೇನ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಆದರೆ ತಂಡವು ವೇದಿಕೆಯ ಮೇಲೆ ಆಗಲೇ ನುಡಿಸುತ್ತಿದ್ದ ‘ಟೈರಂಟ್’, ‘ಜೆನೊಸೈಡ್’, ‘ದ ರಿಪ್ಪರ್’ ಹಾಡುಗಳನ್ನು ಮಾರುಕಟ್ಟೆಗೆ ಒಗ್ಗವೆಂದು ಅವರು ಕೈಬಿಟ್ಟರು. ಒಂದು ದೀರ್ಘ ಕೃತಿಯನ್ನು ಎರಡೇ ನಿಮಿಷಕ್ಕೆ ಕತ್ತರಿಸಿದರು. ಸಾಲದೆಂಬಂತೆ ಕೊನೆಯ ಹಂತದ ತಾಂತ್ರಿಕ ತೊಡಕಿನಿಂದ ಇಡೀ ಆಲ್ಬಮ್ಮಿಗೆ ಒಂದು ಸಣ್ಣ ಸುಯ್ಯೆಂಬ ಸದ್ದು ಅಂಟಿಕೊಂಡಿತು. ಹೀಗೆ ಕೈಬಿಟ್ಟ ಹಾಡುಗಳೇ 1976ರ ಆಲ್ಬಮ್ಮಿನ ಬೆನ್ನೆಲುಬಾದವು ಎಂಬುದನ್ನು ಗಮನಿಸಿ. ಒಂದೂವರೆ ವರ್ಷದಲ್ಲಿ ತಂಡ ಏಕಾಏಕಿ ಬದಲಾಗಲಿಲ್ಲ, ಅವರ ನಿಜವಾದ ಸಂಗೀತ ಆಲ್ಬಮ್ಮಿಗೆ ಬರಲು ಅಷ್ಟು ಕಾಲ ತಡವಾಯಿತು.

ಕಂಪನಿ ತೊರೆದದ್ದಕ್ಕೆ ಕಾರಣ ಹಸಿವು. ‘ಸ್ಯಾಡ್ ವಿಂಗ್ಸ್’ ಅನ್ನು 1975ರ ಕೊನೆಯಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡಾಗ ಸದಸ್ಯರು ದಿನಕ್ಕೆ ಒಂದೇ ಊಟದಲ್ಲಿ ಇದ್ದರು. ಟಿಪ್ಟನ್ ತೋಟದ ಕೆಲಸ ಮಾಡುತ್ತಿದ್ದರು, ಡೌನಿಂಗ್ ಕಾರ್ಖಾನೆಗೆ ಹೋಗುತ್ತಿದ್ದರು, ಹಿಲ್ ಸರಕು ಸಾಗಿಸುವ ವ್ಯಾನ್ ಓಡಿಸುತ್ತಿದ್ದರು. ಅದೇ 1975ರಲ್ಲಿ ಅದೇ ಗಲ್ ಕಂಪನಿಯ ‘ಬಾರ್ಬಡೋಸ್’ ಎಂಬ ಲಘು ಪಾಪ್ ಗೀತೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಅದನ್ನು ಮಾಡಿದ ಜೆಫ್ ಕ್ಯಾಲ್ವರ್ಟ್ ಮತ್ತು ಮ್ಯಾಕ್ಸ್ ವೆಸ್ಟ್ ಅವರೇ ‘ಸ್ಯಾಡ್ ವಿಂಗ್ಸ್’ ನಿರ್ಮಾಣದಲ್ಲೂ ತಂಡದ ಜೊತೆಗಿದ್ದವರು. ಆದರೂ ಬದುಕಲು ನೆರವು ಕೇಳಿದ ಸದಸ್ಯರಿಗೆ ಕಂಪನಿ ಅದನ್ನು ಕೊಡಲಿಲ್ಲ. ದೊಡ್ಡ ರೆಕಾರ್ಡ್ ಕಂಪನಿಯಾದ ಸಿಬಿಎಸ್ ಕರೆದಾಗ ಹೋಗದೆ ಇರಲು ಅವರಿಗೆ ಯಾವ ಕಾರಣವೂ ಉಳಿದಿರಲಿಲ್ಲ.

ತಾಳಲಯ

ಮೇಲಿನ ಉತ್ತರದಲ್ಲಿ ಹೇಳಿದ್ದೆಲ್ಲ ಸರಿ. ಆದರೆ ತಡವಾದದ್ದಕ್ಕೆ ಪೂರ್ತಿ ಹೊಣೆಯನ್ನು ಕಂಪನಿಯ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಡ್ರಮ್ ನುಡಿಸುವವನಾಗಿ ನನಗೆ ಕಾಣುವುದು ಇನ್ನೊಂದು ಕೊರತೆ: ಈ ತಂಡಕ್ಕೆ ಹತ್ತು ವರ್ಷ ಕಾಲ ನೆಲೆಯಾದ ಡ್ರಮ್ಮರ್ ಇರಲೇ ಇಲ್ಲ. ‘ರಾಕಾ ರೋಲಾ’ದಲ್ಲಿ ಜಾನ್ ಹಿಂಚ್, ‘ಸ್ಯಾಡ್ ವಿಂಗ್ಸ್’ನಲ್ಲಿ ಆಲನ್ ಮೂರ್, 1977ರ ‘ಸಿನ್ ಆಫ್ಟರ್ ಸಿನ್’ನಲ್ಲಿ ಸೈಮನ್ ಫಿಲಿಪ್ಸ್, 1978ರ ಎರಡೂ ಆಲ್ಬಮ್‌ಗಳಲ್ಲಿ ಲೆಸ್ ಬಿಂಕ್ಸ್, 1980ರಿಂದ ಡೇವ್ ಹಾಲೆಂಡ್. ತಾಳ ಹಿಡಿಯುವವನು ಬದಲಾದಾಗಲೆಲ್ಲ ರಿಫ್‌ಗಳ (ಮರುಕಳಿಸುವ ಗಿಟಾರ್ ತುಣುಕುಗಳ) ನಡಿಗೆಯೂ ಬದಲಾಗುತ್ತದೆ, ತಂಡ ತನ್ನ ಸ್ವರೂಪವನ್ನು ಮತ್ತೆ ಹುಡುಕಿಕೊಳ್ಳಬೇಕಾಗುತ್ತದೆ.

‘ಸಿನ್ ಆಫ್ಟರ್ ಸಿನ್’ ಕೇಳಿ ನೋಡಿ. ಡೀಪ್ ಪರ್ಪಲ್ ತಂಡದ ರಾಜರ್ ಗ್ಲೋವರ್ ನಿರ್ಮಾಪಕರಾಗಿದ್ದ ಆ ಆಲ್ಬಮ್ಮಿನಲ್ಲಿ ಫಿಲಿಪ್ಸ್ ಎರಡು ಬೇಸ್ ಡ್ರಮ್ ಬಳಸಿದ ರೀತಿ ಹೆವಿ ಮೆಟಲ್‌ಗೆ ಆಗ ಹೊಸದಾಗಿತ್ತು. ಇಪ್ಪತ್ತರ ಆಸುಪಾಸಿನ ಆ ಹುಡುಗ ಬೇರೆ ಕಡೆ ಒಪ್ಪಿಕೊಂಡ ಕೆಲಸವಿದ್ದುದರಿಂದ ತಂಡದಲ್ಲಿ ನಿಲ್ಲಲಿಲ್ಲ. ಅವರ ಜಾಗಕ್ಕೆ ಬಂದ ಬಿಂಕ್ಸ್ ‘ಸ್ಟೇನ್ಡ್ ಕ್ಲಾಸ್’ನ ‘ಎಕ್ಸೈಟರ್’ ಹಾಡಿನಲ್ಲಿ ನುಡಿಸಿದ್ದನ್ನು ಕೇಳಿದರೆ, ಮುಂದೆ ಥ್ರ್ಯಾಶ್ ಎಂದು ಕರೆಸಿಕೊಂಡ ಮೆಟಲ್ ಪಂಥ ಎಲ್ಲಿಂದ ವೇಗವನ್ನು ಕಲಿಯಿತು ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಈ ತಂಡದ ಎತ್ತರ 1978ರ ಫೆಬ್ರವರಿಯ ‘ಸ್ಟೇನ್ಡ್ ಕ್ಲಾಸ್’, 1976ರ ‘ಸ್ಯಾಡ್ ವಿಂಗ್ಸ್’ ಅಲ್ಲ. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ತಂಡದ ಜೋಡಿ ಗಿಟಾರ್ ಕೇಳುವಾಗಲೂ ನನಗೆ ನೆನಪಾಗುವುದು ಈ ಅವಧಿಯ ಪ್ರೀಸ್ಟ್.

‘ಸ್ಟೇನ್ಡ್ ಕ್ಲಾಸ್’ ಆಲ್ಬಮ್ಮಿನ ಒಂದು ಹಾಡಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಮುದ್ರಣ ಮುಗಿದ ಮೇಲೆ, ರೇಡಿಯೋದಲ್ಲಿ ಹಾಕಬಹುದಾದ ಹಾಡೇ ಇದರಲ್ಲಿಲ್ಲ ಎಂದು ಕಂಪನಿಗೆ ಅನ್ನಿಸಿತು. ಅದಕ್ಕಾಗಿ ಸ್ಪೂಕಿ ಟೂತ್ ತಂಡದ ಹಳೆಯ ಹಾಡೊಂದನ್ನು ಜೇಮ್ಸ್ ಗತ್ರಿ ಅವರ ನಿರ್ಮಾಣದಲ್ಲಿ ಬೇರೆಯಾಗಿ ಮುದ್ರಿಸಿ ಸೇರಿಸಿದರು. ಆ ಹಾಡಿನಿಂದ ದೊಡ್ಡ ಮಾರಾಟವೇನೂ ಆಗಲಿಲ್ಲ. ಆದರೆ 1985ರಲ್ಲಿ ಅಮೆರಿಕದ ನೆವಾಡಾದಲ್ಲಿ ಇಬ್ಬರು ಯುವಕರು ತಮ್ಮನ್ನು ತಾವೇ ಗುಂಡಿಟ್ಟುಕೊಂಡಾಗ ಅವರ ಕುಟುಂಬಗಳು ನ್ಯಾಯಾಲಯಕ್ಕೆ ಹೋದದ್ದು ಅದೇ ಹಾಡಿನಲ್ಲಿ ಗುಪ್ತ ಸಂದೇಶ ಅಡಗಿದೆ ಎಂಬ ಆರೋಪ ಹೊತ್ತು. 1990ರಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡಿದರು. ಗತ್ರಿ ಅವರ ಜೊತೆ ಸಿಕ್ಕ ಸ್ಪಷ್ಟ ಧ್ವನಿ ಮಾತ್ರ ತಂಡಕ್ಕೆ ಹಿಡಿಸಿತು, 1978ರದೇ ‘ಕಿಲ್ಲಿಂಗ್ ಮಷೀನ್’ ಅನ್ನು ಅವರೊಂದಿಗೇ ಮಾಡಿದರು. ಹಾಡುಗಳು ಚಿಕ್ಕದಾಗಲು ತೊಡಗಿದ್ದು, ಚರ್ಮದ ಉಡುಪು ಮತ್ತು ಲೋಹದ ಗುಬುಟುಗಳು ಬಂದದ್ದು ಆಗಲೇ. ‘ಕಿಲ್ಲಿಂಗ್ ಮಷೀನ್’ ಎಂಬ ಹೆಸರು ಅಮೆರಿಕದ ಕಂಪನಿಗೆ ಕ್ರೂರವೆನಿಸಿ ಅಲ್ಲಿ ಅದು ‘ಹೆಲ್ ಬೆಂಟ್ ಫಾರ್ ಲೆದರ್’ ಆಯಿತು. ಹೀಗಾಗಿ ಸರಳೀಕರಣ 1980ರಲ್ಲಿ ಹಠಾತ್ತನೆ ಆದದ್ದಲ್ಲ.

ವುಲ್ವರ್‌ಹ್ಯಾಂಪ್ಟನ್ ಕನ್ನಡಿಗ

ನಾನು ವಾಸಿಸುವ ಈ ಪ್ರದೇಶವನ್ನು ಇಲ್ಲಿನವರು ಬ್ಲ್ಯಾಕ್ ಕಂಟ್ರಿ ಎನ್ನುತ್ತಾರೆ. ಹಾಲ್ಫರ್ಡ್ ಬೆಳೆದ ವಾಲ್ಸಾಲ್, ಡೌನಿಂಗ್ ಮತ್ತು ಹಿಲ್ ಅವರ ವೆಸ್ಟ್ ಬ್ರಾಮಿಚ್ ಎರಡೂ ಇದರೊಳಗಿನ ಊರುಗಳು. ಕಲ್ಲಿದ್ದಲು, ಕುಲುಮೆ, ಎರಕದ ಕಾರ್ಖಾನೆಗಳಿಂದ ಬದುಕಿದ ನೆಲ ಇದು. ಈಗ ಅವುಗಳಲ್ಲಿ ಬಹುಪಾಲು ಇಲ್ಲ. ತುಂಗಾತೀರ ಅವರ ಮೂರನೆಯ ಪ್ರಶ್ನೆಗೆ ಈ ಊರಿನ ಕಡೆಯಿಂದ ಉತ್ತರಿಸಲು ಬಯಸುತ್ತೇನೆ.

‘ಬ್ರಿಟಿಷ್ ಸ್ಟೀಲ್’ ಮುದ್ರಣವಾದದ್ದು 1980ರ ಆರಂಭದ ತಿಂಗಳುಗಳಲ್ಲಿ. ಆ ವರ್ಷ ಜನವರಿ 2ರಿಂದ ಏಪ್ರಿಲ್ ಆರಂಭದವರೆಗೆ ಬ್ರಿಟನ್ನಿನ ಉಕ್ಕು ಕಾರ್ಮಿಕರು ರಾಷ್ಟ್ರವ್ಯಾಪಿ ಮುಷ್ಕರ ಹೂಡಿದ್ದರು. ಆಲ್ಬಮ್ ಬಿಡುಗಡೆಯಾದದ್ದು ಮುಷ್ಕರ ಮುಗಿದ ಕೆಲವೇ ದಿನಗಳಲ್ಲಿ, ಏಪ್ರಿಲ್ 14ರಂದು. ಕೆಲಸವಿಲ್ಲದೆ ಕೈಚೆಲ್ಲಿ ಕುಳಿತ ಯುವಕನ ದನಿ ‘ಬ್ರೇಕಿಂಗ್ ದ ಲಾ’ ಹಾಡಿನಲ್ಲಿದೆ. ಅದಕ್ಕೆ ಏಳು ನಿಮಿಷದ ರಚನೆ ಹೊಂದುತ್ತಿರಲಿಲ್ಲ. ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸಿದ್ದರಿಂದಲೇ ಅದು ತಾನು ಯಾರ ಬಗ್ಗೆ ಹಾಡುತ್ತಿತ್ತೋ ಅವರನ್ನು ತಲುಪಿತು. ಡ್ರಮ್ಮರ್ ಡೇವ್ ಹಾಲೆಂಡ್ ಅವರ ಸರಳ, ನೇರ ಹೊಡೆತವನ್ನು ಅನೇಕರು ಹೀಗಳೆಯುತ್ತಾರೆ. ಈ ಹಾಡುಗಳಿಗೆ ಬೇಕಾದದ್ದು ಅದೇ ಎಂದು ನಾನು ವಾದಿಸುತ್ತೇನೆ.

ಆ ಆಲ್ಬಮ್ ತಯಾರಾದದ್ದು ಟಿಟನ್‌ಹರ್ಸ್ಟ್ ಪಾರ್ಕ್ ಎಂಬ ಮಹಲಿನಲ್ಲಿ, ಒಂದು ಕಾಲಕ್ಕೆ ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಮನೆಯಾಗಿದ್ದು ಆಗ ಅದೇ ತಂಡದ ರಿಂಗೋ ಸ್ಟಾರ್ ಅವರದಾಗಿತ್ತು. ಧ್ವನಿಗಳನ್ನು ಸಿದ್ಧ ಸಂಗ್ರಹದಿಂದ ಎತ್ತಿಕೊಳ್ಳುವ ಸೌಕರ್ಯ ಅವರಿಗೆ ಇರಲಿಲ್ಲ. ನಿರ್ಮಾಪಕ ಟಾಮ್ ಆಲಮ್ ಮತ್ತು ಸದಸ್ಯರು ಅಡುಗೆಮನೆಯ ಚಮಚ, ಚಾಕುಗಳ ತಟ್ಟೆಯನ್ನು ಅಲ್ಲಾಡಿಸಿ, ಹಾಲಿನ ಬಾಟಲಿಗಳನ್ನು ಒಡೆದು ಬೇಕಾದ ಸದ್ದುಗಳನ್ನು ಹುಟ್ಟಿಸಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಆಲ್ಬಮ್ 4ನೆಯ ಸ್ಥಾನ ಮುಟ್ಟಿತು.

ತುಂಗಾತೀರ

ಮೂವರಿಗೂ ಧನ್ಯವಾದಗಳು. ಮುಷ್ಕರದ ಹಿನ್ನೆಲೆ ತಿಳಿದ ಮೇಲೆ ‘ಬ್ರಿಟಿಷ್ ಸ್ಟೀಲ್’ ಎಂಬ ಹೆಸರೇ ನನಗೆ ಬೇರೆಯಾಗಿ ಕೇಳಿಸುತ್ತಿದೆ. ಒಂದು ವಿಷಯ ಮಾತ್ರ ಇನ್ನೂ ಸ್ಪಷ್ಟವಾಗಿಲ್ಲ. ಗಲ್ ಕಂಪನಿಯನ್ನು ಒಪ್ಪಂದ ಮುರಿದು ಬಿಟ್ಟದ್ದರಿಂದ ತಂಡ ಕಳೆದುಕೊಂಡದ್ದೇನು?

ಹಳೆಯ ಕ್ಯಾಸೆಟ್

ಮೊದಲ ಎರಡು ಆಲ್ಬಮ್‌ಗಳ ಹಕ್ಕನ್ನು ಸಂಪೂರ್ಣವಾಗಿ ಕಳೆದುಕೊಂಡರು. ‘ಸ್ಯಾಡ್ ವಿಂಗ್ಸ್’ ಅದಾದ ಮೇಲೂ ಮಾರಾಟವಾಗುತ್ತಲೇ ಇತ್ತು, 1989ರಲ್ಲಿ ಅಮೆರಿಕದಲ್ಲಿ ದೊಡ್ಡ ಮಾರಾಟಕ್ಕೆ ಕೊಡುವ ಚಿನ್ನದ ಪ್ರಮಾಣಪತ್ರವನ್ನೂ ಪಡೆಯಿತು. ಒಂದೇ ಊಟದಲ್ಲಿ ದಿನ ದೂಡಿ ಅದನ್ನು ಮಾಡಿದವರ ಕೈಯಲ್ಲಿ ಮಾತ್ರ ಅದರ ಒಡೆತನ ಇರಲಿಲ್ಲ. ಇದು ಅನ್ಯಾಯವೆಂದು ನಾನು ನೇರವಾಗಿಯೇ ಹೇಳುತ್ತೇನೆ. ಸಂಗೀತಗಾರನ ಮೊದಲ ಸಹಿ ಹಸಿವಿನಲ್ಲಿ ಬೀಳುತ್ತದೆ, ಆ ಹೊತ್ತಿನಲ್ಲಿ ಷರತ್ತುಗಳನ್ನು ತೂಗಿ ನೋಡುವ ಸ್ಥಿತಿ ಅವನಿಗೆ ಇರುವುದಿಲ್ಲ.

ಆದರೂ ಬಿಟ್ಟು ಹೋದದ್ದು ಸರಿ ಎಂಬುದಕ್ಕೆ ಮುಂದಿನ ಐದು ವರ್ಷಗಳೇ ಸಾಕ್ಷಿ. ಸಿಬಿಎಸ್ ಜೊತೆ ಸೇರಿದ ವರ್ಷವೇ ಅವರು ಮೊದಲ ಬಾರಿಗೆ ಅಮೆರಿಕಕ್ಕೆ ಹೋದರು, 1977ರ ಜುಲೈನಲ್ಲಿ ಓಕ್‌ಲ್ಯಾಂಡ್‌ನಲ್ಲಿ ಪ್ರಸಿದ್ಧ ರಾಕ್ ತಂಡ ಲೆಡ್ ಜೆಪ್ಲಿನ್‌ಗಿಂತ ಮೊದಲು ವೇದಿಕೆ ಏರಿದರು. ಅವು ಆ ದೇಶದಲ್ಲಿ ಲೆಡ್ ಜೆಪ್ಲಿನ್ ಕೊಟ್ಟ ಕೊನೆಯ ಕಾರ್ಯಕ್ರಮಗಳಾದವು. 1979ರಲ್ಲಿ ಟೋಕಿಯೋದಲ್ಲಿ ಮುದ್ರಿಸಿದ ‘ಅನ್‌ಲೀಶ್ಡ್ ಇನ್ ದ ಈಸ್ಟ್’ ಮೂಲಕ ಗಲ್ ಕಾಲದ ಹಾಡುಗಳು ಹೊಸ ಕೇಳುಗರಿಗೆ, ಹಳೆಯ ಆಲ್ಬಮ್‌ಗಳಿಗಿಂತ ಬಹಳ ಉತ್ತಮವಾದ ಧ್ವನಿಯಲ್ಲಿ, ತಲುಪಿದವು. ಹಕ್ಕು ಕಳೆದುಕೊಂಡ ಹಾಡುಗಳನ್ನು ಅವರು ವೇದಿಕೆಯಿಂದ ಹೀಗೆ ಮರಳಿ ಗಳಿಸಿಕೊಂಡರೆಂದೇ ನಾನು ಭಾವಿಸುತ್ತೇನೆ. 1982ರ ‘ಸ್ಕ್ರೀಮಿಂಗ್ ಫಾರ್ ವೆಂಜೆನ್ಸ್’ ಬಂದ ಮೇಲೆ ಅಮೆರಿಕದಲ್ಲಿ ಅವರನ್ನು ತಿಳಿಯದ ರಾಕ್ ಕೇಳುಗರೇ ಇರಲಿಲ್ಲ ಎನ್ನಬಹುದು.

ಇನ್ನು ‘ರಾಕಾ ರೋಲಾ’ದ ಮಂಕು ಧ್ವನಿಯ ವಿಷಯ. ಆ ಆಲ್ಬಮ್ಮಿಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಟಾಮ್ ಆಲಮ್ ಅದರ ಮೂಲ ಮುದ್ರಣವನ್ನು ಹೊಸದಾಗಿ ಮಿಶ್ರಣ (ರೀಮಿಕ್ಸ್) ಮಾಡಿದ್ದಾರೆ. ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಮ್‌ನಲ್ಲಿ ರಾಜರ್ ಬೇನ್ ಅವರ ಕೈಕೆಳಗೆ ಎಂಜಿನಿಯರ್ ಆಗಿದ್ದವರೂ ಇದೇ ಆಲಮ್. ತುಂಗಾತೀರ ಅವರು ಆ ಹೊಸ ಮಿಶ್ರಣವನ್ನು ಹಳೆಯದರ ಪಕ್ಕದಲ್ಲಿಟ್ಟು ಕೇಳಬೇಕು. ಹಾಡುಗಳ ದೌರ್ಬಲ್ಯ ಎಷ್ಟು, ಮುದ್ರಣದ ದೋಷ ಎಷ್ಟು ಎಂಬುದನ್ನು ಆಗ ಅವರೇ ತೀರ್ಮಾನಿಸಬಹುದು.