ಪದಚರ್ಚೆ: ಏರೇಷನ್‌ಗೆ ‘ಗಾಳಿಗೆ ಆರಿಸು’ ಅಂದರೆ ನಡೆಯುತ್ತದೆಯೇ?

ಬೆಳಗಾವಿಯಿಂದ:

ಎಥಿಲೀನ್ ಆಕ್ಸೈಡ್ ಗ್ಯಾಸಿನಲ್ಲಿ ಆಸ್ಪತ್ರೆಯ ಉಪಕರಣಗಳನ್ನು ಸ್ಟೆರೈಲ್ ಮಾಡುವ, ಅಂದರೆ ಒಂದೂ ಸೂಕ್ಷ್ಮಜೀವಿ ಉಳಿಯದಂತೆ ಕೊಲ್ಲುವ, ಕೋಣೆಯ ಗೋಡೆಗೆ ಹಚ್ಚಲು ಕನ್ನಡದ ಸೂಚನಾಪಟ್ಟಿ ತಯಾರಾಗುತ್ತಿದೆ. ಓದುವವರು ತೊಳೆಯುವ, ಪ್ಯಾಕ್ ಮಾಡುವ, ಲೋಡ್ ಮಾಡುವ ಸಿಬ್ಬಂದಿ. ಅವರಲ್ಲಿ ಕೆಲವರ ಮನೆಮಾತು ಮರಾಠಿ, ಹಾಗಾಗಿ ‘ನಿರ್ಜಂತುಕ’ ಎಂಬ ಪದವೂ ಬಾಯಲ್ಲಿದೆ. ಕರಡಿನ ನಾಲ್ಕು ಮಾತು ಕಣ್ಣಿಗೆ ಚುಚ್ಚುತ್ತಿವೆ: ಸ್ಟೆರೈಲ್‌ಗೆ ‘ಬರಡು’, ಎಕ್ಸ್‌ಪೋಷರ್ ಟೈಮ್‌ಗೆ ‘ಮಾನ್ಯತೆ ಸಮಯ’, ಡ್ರೈ ಮಾಡಿ ಎನ್ನುವಲ್ಲಿ ‘ಚೆನ್ನಾಗಿ ಒಣಗಿಸಿ’, ಏರೇಷನ್‌ಗೆ (ಉಪಕರಣದೊಳಗೆ ಉಳಿದ ಗ್ಯಾಸನ್ನು ಹೊರಡಿಸುವುದಕ್ಕೆ) ‘ಗಾಳಿಗೆ ಆರಿಸಿ’. ಮೊದಲೆರಡು ಯಂತ್ರಾನುವಾದದ ಪ್ರಸಾದ. ಕೊನೆಯೆರಡು ಒಳ್ಳೆಯ ಕನ್ನಡವೇ, ಆದರೂ ಅನುಮಾನ.

ಬಾಗಲಕೋಟೆಯಿಂದ:

‘ಬರಡು’ ಮೊದಲು ಹೊಡೆದುಹಾಕಿ. ಬರಡು ಹೊಲ ಉಂಟು, ಗೊಡ್ಡೆಮ್ಮೆ ಉಂಟು, ಗೊಡ್ಡು ಕತ್ತರಿ ಎಲ್ಲೂ ಇಲ್ಲ. ‘ನಿರ್ಜಂತುಕ’ ಮರಾಠಿ ಬಲ್ಲವರಿಗೆ ತಟ್ಟನೆ ತಿಳಿದೀತು, ಆದರೆ ಕನ್ನಡದಲ್ಲಿ ಜಂತು ಅಂದರೆ ಹೊಟ್ಟೆಯ ಹುಳ, ಶಾಲೆಯಲ್ಲಿ ಮಾತ್ರೆ ನುಂಗಿಸುತ್ತಾರಲ್ಲ, ಅದು. ‘ಕ್ರಿಮಿನಾಶ’ ಅಂದರೆ ನಮ್ಮ ಕಡೆ ಬೆಳೆಗೆ ಎಣ್ಣೆ ಹೊಡೆದ ವಾಸನೆಯೇ ಮೂಗಿಗೆ ಬರುತ್ತದೆ. ‘ಸೋಂಕುನಿವಾರಣೆ’ ಡಿಸ್‌ಇನ್‌ಫೆಕ್ಷನ್‌ಗೆ ಆಗಲೇ ಸಂದ ಪದ. ಅದರಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದೊಳಗೆ ಮಲಗಿದ ರೂಪ) ಉಳಿದುಕೊಳ್ಳಬಹುದು, ಇಲ್ಲಿ ಅವೂ ಸಾಯಬೇಕು. ‘ಸ್ಟೆರೈಲ್’ ಅಂತಲೇ ಇರಲಿ, ಪೊಟ್ಟಣದ ಮೇಲೆ ‘ಸ್ಟೆರೈಲ್ ಇಒ’ (ಇಒ ಅಂದರೆ ಎಥಿಲೀನ್ ಆಕ್ಸೈಡ್) ಎಂದು ದಿನಾ ನೋಡುವ ಪದ ಅದು. ‘ಮಾನ್ಯತೆ’ ಬದಲು ‘ಗ್ಯಾಸಿನಲ್ಲಿ ಇಡುವ ಹೊತ್ತು’ ಸಾಕು.

‘ಚೆನ್ನಾಗಿ ಒಣಗಿಸಿ’ ಎನ್ನುವುದು ಅರ್ಧ ಸರಿ, ಅರ್ಧ ಅಪಾಯ. ಕೊಳವೆಯೊಳಗೆ ನೀರಿನ ಹನಿ ಉಳಿದರೆ ಗ್ಯಾಸು ಅದರ ಜೊತೆ ಸೇರಿ ಎಥಿಲೀನ್ ಗ್ಲೈಕಾಲ್ ಆಗುತ್ತದೆ. ಸಲೈನ್ ಉಳಿದಿದ್ದರೆ ಎಥಿಲೀನ್ ಕ್ಲೋರೋಹೈಡ್ರಿನ್. ಎರಡೂ ವಿಷ, ಎರಡೂ ಗ್ಯಾಸಿನಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ. ಹಾಗಂತ ಬಿಸಿಗಾಳಿ ಓವನ್ನಿಗೆ ಹಾಕಿ ಗರಿಗರಿ ಮಾಡಿದರೆ ಬೀಜಕದ ತೇವವೂ ಹಾರಿ, ಅದು ಗ್ಯಾಸಿಗೆ ಬಗ್ಗುವುದಿಲ್ಲ. ಚೇಂಬರಿನಲ್ಲಿ ಶೇ 40ರಿಂದ 80ರಷ್ಟು ಆರ್ದ್ರತೆ ಇಡುವುದು ಇದಕ್ಕೇ. ಕನ್ನಡಕ್ಕೆ ಈ ಭೇದ ಕಷ್ಟವೇನಲ್ಲ: ಒದ್ದೆ ಬೇರೆ, ತೇವ ಬೇರೆ. ಎರಿಹೊಲ ಒದ್ದೆಯಾಗಿದ್ದರೆ ಕೂರಿಗೆ ನಡೆಯದು, ತೇವ ಹಾರಿದರೆ ಬೀಜ ಹುಟ್ಟದು. ನಮಗಿಲ್ಲಿ ಕೊಲ್ಲಲು ತೇವ ಬೇಕು, ಅಷ್ಟೇ ವ್ಯತ್ಯಾಸ. ಹೀಗೆ ಬರೆಯಿರಿ: ‘ರಕ್ತ, ಲೋಳೆ ಪೂರ್ತಿ ತೊಳೆಯಿರಿ. ಒರೆಸಿ. ಕೊಳವೆಯೊಳಗೆ ಗಾಳಿ ಊದಿ ಹನಿ ಹೊರಡಿಸಿ. ಬಿಸಿಗಾಳಿಯಲ್ಲಿ ಒಣಗಿಸಬೇಡಿ.’

ಇನ್ನು ‘ಗಾಳಿಗೆ ಆರಿಸಿ’. ಇದನ್ನು ಓದಿದವರು ಏನು ಮಾಡುತ್ತಾರೆ? ಹಪ್ಪಳ ಸಂಡಿಗೆಯ ಹಾಗೆ ಟ್ರೇದಲ್ಲಿ ಹರವಿ ಫ್ಯಾನ್ ಹಚ್ಚುತ್ತಾರೆ. ಪದ ಹೇಳಿದ್ದೂ ಅದನ್ನೇ. ಆರುವುದು ಮೇಲ್ಮೈಯ ಕೆಲಸ. ಈ ಗ್ಯಾಸು ಪಿವಿಸಿ, ರಬ್ಬರಿನ ಒಳಕ್ಕೆ ಇಳಿದು ಕೂತಿರುತ್ತದೆ, ಅದು ಹೊರಬರಲು ಬಿಸಿಯೂ ಬೇಕು, ಹೊಸ ಗಾಳಿಯ ಓಡಾಟವೂ ಬೇಕು. ಯಂತ್ರದೊಳಗೆ 50 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 12 ಗಂಟೆ, 60ರಲ್ಲಿ 8 ಗಂಟೆ. ಅದೇ ಪಿವಿಸಿ ಕೊಳವೆಯನ್ನು 20 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಇಟ್ಟರೆ 7 ದಿನ. ಅವಸರಕ್ಕೆ ನಡುವೆ ತೆಗೆದ ಮಾಸ್ಕು ರೋಗಿಯ ಮುಖದ ಚರ್ಮ ಸುಡುತ್ತದೆ, ಉಸಿರುಕೊಳವೆಯಾದರೆ ಗಂಟಲೊಳಗೆ ಹುಣ್ಣು. ಫ್ಯಾನಿನ ಗಾಳಿಗೆ ಗ್ಯಾಸು ಹೊರಟರೂ ಬರುವುದು ಅಲ್ಲಿ ನಿಂತವರ ಮೂಗಿಗೇ. ಅದರ ಸಿಹಿ ವಾಸನೆ ತಿಳಿಯುವುದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರಾರು ಪಾಲು ಸೇರಿದ ಮೇಲೆ, ಅಮೆರಿಕದ ಕಾರ್ಮಿಕ ನಿಯಮ ಎಂಟು ತಾಸಿನ ಸರಾಸರಿಗೆ ಇಟ್ಟ ಮಿತಿ ಬರೇ 1 ಪಾಲು. ವಾಸನೆ ಇಲ್ಲ ಅಂದರೆ ಗ್ಯಾಸಿಲ್ಲ ಅಂತಲ್ಲ. ಸಾಲದ್ದಕ್ಕೆ ಇದು ಕ್ಯಾನ್ಸರ್ ತರುವ ವಸ್ತು.

ನನ್ನ ಸಲಹೆ ‘ಗ್ಯಾಸ್ ಬಿಡಿಸುವುದು’. ಹಾಗಲಕಾಯಿಗೆ ಉಪ್ಪು ಹಚ್ಚಿ ಕಹಿ ಬಿಡಿಸುತ್ತಾರಲ್ಲ, ಹಾಗೆ. ಒಳಗೆ ಹಿಡಿದದ್ದನ್ನು ಹೊತ್ತು ಕೊಟ್ಟು ಹೊರಡಿಸುವುದು.

ವಿಜಯಪುರದಿಂದ:

ಹಾಗಲಕಾಯಿ ಒಪ್ಪಿದೆ, ‘ಬಿಡಿಸಿ’ ಒಪ್ಪಲಾರೆ. ಗೋಡೆಯ ಹಾಳೆ ನಾಲ್ಕು ತಿಂಗಳಿಗೆ ಮಾಸುತ್ತದೆ. ‘ಗ್ಯಾಸ್ ಬಿಡಿಸಿ’ಯಲ್ಲಿ ಕೊನೆಯ ಅಕ್ಷರ ಅಳಿಸಿದರೆ ‘ಗ್ಯಾಸ್ ಬಿಡಿ’. ಈ ಗ್ಯಾಸು ಗಾಳಿಯಲ್ಲಿ ಶೇ 3ರಷ್ಟಾದರೂ ಕಿಡಿಗೆ ಹೊತ್ತಿಕೊಳ್ಳುವ ಜಾತಿಯದು. ‘ಗ್ಯಾಸ್ ಕಳೆಯಿರಿ’ ಅನ್ನಿ. ವಿಷ ಕಳೆ, ಪೊರೆ ಕಳೆ ಇದ್ದ ಹಾಗೆ.

‘ಹೊಗೆ ಕೊಡುವುದು’ ಎಂಬ ಮಾತೂ ಪಟ್ಟಿಗೆ ನುಸುಳದಿರಲಿ. ಇಲ್ಲಿ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತಾರೆ, ಆಪರೇಷನ್ ಕೋಣೆಗೆ ಫಾರ್ಮಲಿನ್ ಹೊಗೆ ಹಾಕಿದರು ಅನ್ನುತ್ತಾರೆ. ಎಥಿಲೀನ್ ಆಕ್ಸೈಡ್ ಯಂತ್ರದಲ್ಲಿ ಮೊದಲು ಗಾಳಿ ಎಳೆದು ನಿರ್ವಾತ ಮಾಡಿ, ಆಮೇಲೆ ಒಳಗಿನ ಗ್ಯಾಸ್ ತುಂಬಿದ ಕಾರ್ಟ್ರಿಜ್ ಚುಚ್ಚುತ್ತಾರೆ. ಚೇಂಬರಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಸೋರಿದರೂ ಗಾಳಿ ಒಳಕ್ಕೆ ಹೋಗಬೇಕೇ ಹೊರತು ಗ್ಯಾಸು ಹೊರಕ್ಕೆ ಬರಬಾರದು. ಹೊಗೆ ಅಂದರೆ ಇದು ಯಾವುದೂ ನೆನಪಾಗದು.

ಕರಡಿನಲ್ಲಿ ಎಂಡೋಸ್ಕೋಪಿನ (ದೇಹದೊಳಗೆ ಇಳಿಸಿ ನೋಡುವ ಬಾಗುವ ಕೊಳವೆ) ವೆಂಟಿಂಗ್ ಕ್ಯಾಪ್‌ಗೆ ಏನು ಬರೆದಿದ್ದೀರಿ?

ಬೆಳಗಾವಿಯಿಂದ:

‘ಮುಚ್ಚಳ ಹಾಕಿ’ ಎಂದಿದೆ.

ವಿಜಯಪುರದಿಂದ:

ಅದೇ ಭಯ ಇತ್ತು. ಆ ಮುಚ್ಚಳ ಹಾಕಿದರೆ ಸ್ಕೋಪು ಮುಚ್ಚುವುದಿಲ್ಲ, ತೆರೆಯುತ್ತದೆ! ನಿರ್ವಾತ ಎಳೆದಾಗ ಸ್ಕೋಪಿನೊಳಗಿನ ಗಾಳಿಗೆ ದಾರಿ ಬೇಕು, ಇಲ್ಲದಿದ್ದರೆ ಬಾಗುವ ತುದಿಯ ರಬ್ಬರು ಉಬ್ಬಿ ಒಡೆಯುತ್ತದೆ. ಅದನ್ನೇ ಹಾಕಿಕೊಂಡು ನೀರಿಗೆ ಮುಳುಗಿಸಿದರೆ ಸ್ಕೋಪಿನ ಹೊಟ್ಟೆಗೆ ನೀರು. ‘ಮುಚ್ಚಳ’ ಅಂದರೆ ನೀರು ತಡೆಯುತ್ತದೆ ಎಂದೇ ಯಾರಾದರೂ ತಿಳಿಯುತ್ತಾರೆ. ಮಣ್ಣಿನ ಮಾಳಿಗೆಗೆ ಬೆಳಕಿಂಡಿ ಇರುವ ಹಾಗೆ ಇದನ್ನು ‘ಗಾಳಿಕಿಂಡಿ ಕ್ಯಾಪ್’ ಅನ್ನಬಹುದು.

ಬಾಗಲಕೋಟೆಯಿಂದ:

‘ಕಳೆಯಿರಿ’ಗೆ ನನ್ನ ತಕರಾರಿಲ್ಲ. ಸಂಖ್ಯೆ ಮಾತ್ರ ಪದದ ಪಕ್ಕದಲ್ಲೇ ಇರಲಿ, ಕೆಳಗಿನ ಟಿಪ್ಪಣಿಗೆ ತಳ್ಳಬೇಡಿ. ಉಪಕರಣದ ಕೈಪಿಡಿ ಹೆಚ್ಚು ಹೊತ್ತು ಕೇಳಿದರೆ ಅದೇ ಅಂತಿಮ.

ಬೆಳಗಾವಿಯಿಂದ:

ತಿದ್ದಿದ ಸಾಲುಗಳು: ‘ಗಾಳಿಕಿಂಡಿ ಕ್ಯಾಪ್: ನೀರಿಗೆ ಹಾಕುವ ಮುಂಚೆ ತೆಗೆಯಿರಿ, ಗ್ಯಾಸಿಗೆ ಇಡುವ ಮುಂಚೆ ಹಾಕಿ.’ ‘ಗ್ಯಾಸ್ ಕಳೆಯುವ ಹೊತ್ತು: 50 ಡಿಗ್ರಿಯಲ್ಲಿ 12 ಗಂಟೆ. ಅಲ್ಲಿಯವರೆಗೆ ಬಾಗಿಲು ತೆರೆಯಬೇಡಿ, ಯಾರೇ ಕೇಳಿದರೂ.’ ಕೊನೆಯ ಎರಡು ಪದ ಕರಡಿನಲ್ಲಿ ಇರಲಿಲ್ಲ.