ಇಲಿಯಲ್ಲಿ ಮಾಯವಾದ ಗೆಡ್ಡೆ: ಸುದ್ದಿಯನ್ನು ಎಷ್ಟು ನಂಬಬೇಕು?

ನಮ್ಮ ಗುಂಪಿನ ಸದಸ್ಯರೊಬ್ಬರ ಪ್ರಶ್ನೆ: ಮೇಡಂ, ನನ್ನ ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಹೊಸ ಔಷಧದಿಂದ ಇಲಿಗಳ ಗೆಡ್ಡೆ ಪೂರ್ತಿ ಮಾಯವಾಯಿತು ಎಂಬ ಸುದ್ದಿ ಆಗಾಗ ಓದುತ್ತೇನೆ. ಔಷಧ ಮಾತ್ರ ಆಸ್ಪತ್ರೆಗೆ ಬರುವುದಿಲ್ಲ. ನೀವು ಇಲಿಗಳಲ್ಲಿ ಕ್ಯಾನ್ಸರ್ ಔಷಧ ಪರೀಕ್ಷಿಸುವ ಕೆಲಸದಲ್ಲೇ ಇದ್ದೀರಿ. ಏನು ಕಾರಣ?

ಉತ್ತರ: ಅಕ್ಕನ ವಿಷಯ ಓದಿ ಮನಸ್ಸು ಭಾರವಾಯಿತು. ಅಂಥ ಸುದ್ದಿ ಕಂಡಾಗ ನಾನು ಮೊದಲು ಹುಡುಕುವುದು ಅದು ಯಾವ ಇಲಿ, ಗೆಡ್ಡೆ ಎಲ್ಲಿಯದು ಎಂಬುದನ್ನು.

ಬಹಳಷ್ಟು ಪ್ರಯೋಗಗಳಲ್ಲಿ ಇಲಿಗೆ ಕ್ಯಾನ್ಸರ್ ತಾನಾಗಿ ಬಂದಿರುವುದಿಲ್ಲ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬೆಳೆಸಿಕೊಂಡು ಬಂದ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಅದರ ಪಕ್ಕೆಯ ಚರ್ಮದಡಿ ಚುಚ್ಚುತ್ತೇವೆ. ಕೆಲವು ವಾರಗಳಲ್ಲಿ ಬಟಾಣಿ ಕಾಳಿನಷ್ಟು ಗಂಟು ಬೆರಳಿಗೆ ಸಿಗುತ್ತದೆ. ಆಮೇಲೆ ಕ್ಯಾಲಿಪರ್ ಹಿಡಿದು ಅಳೆಯುವ ಕೆಲಸ. ಅಗಲದ ವರ್ಗವನ್ನು ಉದ್ದದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ. ಉದ್ದ 10, ಅಗಲ 8 ಮಿಲಿಮೀಟರ್ ಇದ್ದರೆ 320 ಘನ ಮಿಲಿಮೀಟರ್. ಸ್ವಲ್ಪ ಒತ್ತಿ ಹಿಡಿದು ಅಗಲ 7 ಎಂದು ಬರೆದುಕೊಂಡರೆ 245! ಔಷಧವೇ ಇಲ್ಲದೆ ಗೆಡ್ಡೆ ಹೆಚ್ಚುಕಡಿಮೆ ಕಾಲು ಭಾಗ ಕುಗ್ಗಿತು. ಅದಕ್ಕೇ ಯಾವ ಇಲಿಗೆ ಔಷಧ ಕೊಟ್ಟಿದೆ ಎಂಬುದು ಅಳೆಯುವವರಿಗೆ ಗೊತ್ತಿರಬಾರದು ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನೊಂದು ತೊಡಕು ದೊಡ್ಡದು. ಮನುಷ್ಯರ ಕೋಶ ಇಲಿಯಲ್ಲಿ ಬೆಳೆಯಬೇಕಾದರೆ ಆ ಇಲಿಗೆ ಗಟ್ಟಿಯಾದ ರೋಗನಿರೋಧಕ ವ್ಯವಸ್ಥೆ ಇರಬಾರದು. 1969ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಮನುಷ್ಯರ ಕರುಳಿನ ಗೆಡ್ಡೆಯನ್ನು ಬೆಳೆಸಿದ್ದೂ ಥೈಮಸ್ ಗ್ರಂಥಿಯಿಲ್ಲದ, ಕೂದಲಿಲ್ಲದ ಇಲಿಯಲ್ಲಿ. ಆ ಗ್ರಂಥಿಯಲ್ಲಿ ಬಲಿತು ಗೆಡ್ಡೆಯ ಮೇಲೆ ದಾಳಿ ಮಾಡಬಲ್ಲ ಬಿಳಿ ರಕ್ತಕಣಗಳಾದ ಟಿ ಕೋಶಗಳ ಕಾವಲು ಅಲ್ಲಿಲ್ಲ. ಗೆಡ್ಡೆ ಇರುವುದು ಚರ್ಮದಡಿ, ಕರುಳಿನಲ್ಲಲ್ಲ. ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡುವುದೇ ರೋಗಿಗೆ ದೊಡ್ಡ ಅಪಾಯ. ಚರ್ಮದಡಿಯ ಗಂಟು ಅದನ್ನು ತೋರಿಸುವುದು ಅಪರೂಪ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಔಷಧಗಳನ್ನು ಪರೀಕ್ಷಿಸುವುದು ಹೇಗೆ?

ಉತ್ತರ: ಇಲಿಯದೇ ಗೆಡ್ಡೆಯನ್ನು ಅದೇ ತಳಿಯ ಆರೋಗ್ಯವಂತ ಇಲಿಗೆ ಹಾಕುತ್ತೇವೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್ 1996ರಲ್ಲಿ, ಟಿ ಕೋಶಗಳಿಗೆ ಬ್ರೇಕ್ ಹಾಕುವ ಸಿಟಿಎಲ್‌ಎ-4 ಎಂಬ ಪ್ರೋಟೀನನ್ನು ತಡೆದರೆ ಗೆಡ್ಡೆ ಹಿಮ್ಮೆಟ್ಟುತ್ತದೆಂದು ತೋರಿಸಿದ್ದು ಇಂಥ ಇಲಿಗಳಲ್ಲೇ. 2018ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಬಿ16 ಎಂಬ ಮೆಲನೋಮ (ಇಲಿಯ ಚರ್ಮದ ಒಂದು ಕ್ಯಾನ್ಸರ್) ಆ ಚಿಕಿತ್ಸೆಯೊಂದಕ್ಕೇ ಬಗ್ಗಲಿಲ್ಲ. ಅದನ್ನೇ ನಂಬಿ ಕೈಬಿಟ್ಟಿದ್ದರೆ? ಮನುಷ್ಯರ ಮೆಲನೋಮಕ್ಕೆ 2011ರಲ್ಲಿ ಒಪ್ಪಿಗೆ ಪಡೆದ ಇಪಿಲಿಮುಮ್ಯಾಬ್ ಎಂಬ ಔಷಧ ಸಿಟಿಎಲ್‌ಎ-4 ತಡೆಯುವ ಇದೇ ದಾರಿಯದು. ಒಂದೇ ಮಾದರಿಯ ಮೇಲೆ ತೀರ್ಪು ಕೊಡುವುದು ಎರಡೂ ಕಡೆ ಮೋಸ ಮಾಡುತ್ತದೆ.

ಮತ್ತೊಬ್ಬರ ಪ್ರಶ್ನೆ: ಇಲಿಗಳಿಗೆ ನೋವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ ಎನ್ನಲಾರೆ. ಗೆಡ್ಡೆ ಎಷ್ಟು ಬೆಳೆಯಬಹುದು, ತೂಕ ಎಷ್ಟು ಇಳಿಯಬಹುದು ಎಂಬ ಮಿತಿಯನ್ನು ಮೊದಲೇ ಬರೆದಿಡುತ್ತೇವೆ. ಮಿತಿ ಮುಟ್ಟಿದ ದಿನ, ಪ್ರಯೋಗ ಅರ್ಧಕ್ಕೆ ನಿಂತರೂ ಸರಿ, ಆ ಇಲಿಗೆ ನೋವಿಲ್ಲದ ಸಾವು ಕೊಡಬೇಕು. ಇಷ್ಟು ವರ್ಷಗಳಾದರೂ ಆ ದಿನ ನನಗೆ ಹಗುರವಾಗಿಲ್ಲ.

ಮೊದಲ ಸದಸ್ಯರು: ಅಕ್ಕನ ಗೆಡ್ಡೆಯ ತುಣುಕನ್ನೇ ಇಲಿಯಲ್ಲಿ ಬೆಳೆಸಿ, ಯಾವ ಔಷಧ ಹಿಡಿಯುತ್ತದೆಂದು ನೋಡಬಹುದೇ?

ಉತ್ತರ: ಸಂಶೋಧನೆಯಲ್ಲಿ ಹಾಗೆ ಮಾಡುತ್ತಾರೆ. ಆದರೆ ತುಣುಕು ಬೇರೂರಲು ತಿಂಗಳುಗಳು ಬೇಕು, ಕೆಲವು ಬೇರೂರುವುದೇ ಇಲ್ಲ. ಅಕ್ಕನ ಚಿಕಿತ್ಸೆ ಅಷ್ಟು ಕಾಯಬಾರದು. ಬಯಾಪ್ಸಿಯ ತುಣುಕಿನಲ್ಲಿ ಔಷಧ ಆರಿಸಲು ನೆರವಾಗುವ ಆರ್‌ಎಎಸ್, ಬಿಆರ್‌ಎಎಫ್ ಜೀನ್‌ಗಳ ಪರೀಕ್ಷೆ ಮತ್ತು ಡಿಎನ್‌ಎ ದುರಸ್ತಿಯ ದೋಷದ ಸುಳಿವು ಕೊಡುವ ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ಅವರ ವೈದ್ಯರನ್ನು ಕೇಳಿ. ವರದಿ ಬಂದ ಮೇಲೆ ಇಲ್ಲಿಗೆ ಬರೆಯಿರಿ, ಅದರಲ್ಲಿರುವ ಪದಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.